ಟೊಮೇಟೊಗೆ ದಿನಕ್ಕೆ ಎಷ್ಟು ಲೋಡ್ ನೀರು?

ಹನ್ನೊಂದು ವರ್ಷ ಬೆಂಗಳೂರಲ್ಲಿ ನೀರಿನ ಟ್ಯಾಂಕರ್ ಓಡಿಸಿದವನು ನಾನು. ಹೊರಮಾವು, ಕೆ.ಆರ್. ಪುರ, ಮಹದೇವಪುರದ ಕಡೆ ಯಾವ ಅಪಾರ್ಟ್‌ಮೆಂಟಿನ ಸಂಪಿಗೆ ಎಷ್ಟು ಲೋಡ್ ಹಿಡಿಯುತ್ತೆ ಅಂತ ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತಿದ್ದೆ. ಅಂಥವನಿಗೆ ನನ್ನದೇ ಒಂದು ಎಕರೆ ಟೊಮೇಟೊ ದಿನಕ್ಕೆ ಎಷ್ಟು ನೀರು ಕುಡಿಯುತ್ತೆ ಅನ್ನೋದು ಗೊತ್ತಿರಲಿಲ್ಲ.

ಹೆಸರಘಟ್ಟ ಹೋಬಳಿಯಲ್ಲಿ ನಮ್ಮದು ಮೂರು ಎಕರೆ ಕೆಂಪು ಹೊಲ, ಒಂದು ಬೋರು. ಅಪ್ಪ ತೀರಿಕೊಂಡ ಮೇಲೆ ನಾನೇ ನೋಡಿಕೊಳ್ಳೋಕೆ ಶುರು ಮಾಡಿದೆ. 2019ರ ಬೇಸಿಗೆ. ನಾಟಿ ಹಾಕಿ ಐವತ್ತು ದಿನ ಆಗಿತ್ತು, ಗಿಡದ ತುಂಬ ಹೂವು, ಪಿಂದೆ. ಏಪ್ರಿಲ್ ಎರಡನೇ ವಾರ ಬೋರಿನಲ್ಲಿ ನೀರು ಉಗುಳಿ ಉಗುಳಿ ಬರೋಕೆ ಶುರುವಾಯಿತು. ನನಗೇನು ಯೋಚನೆ, ಮನೆ ಮುಂದೆ ಟ್ಯಾಂಕರ್ ನಿಂತಿದೆ ಅಂದುಕೊಂಡು ಒಂದು ಸಂಜೆ ಆರು ಸಾವಿರ ಲೀಟರಿನ ಮೂರು ಲೋಡ್ ತಂದು, ಪೈಪ್ ಹಿಡಿದು ಸಾಲು ಸಾಲಿಗೂ ಬಿಟ್ಟೆ. ರಾತ್ರಿ ಹನ್ನೊಂದಾಯಿತು. ಮಾರನೇ ದಿನ ಮಧ್ಯಾಹ್ನ ಹೋಗಿ ನೋಡಿದರೆ ಎಲೆಗಳು ಒದ್ದೆ ಬಟ್ಟೆ ಹಂಗೆ ಜೋತು ಬಿದ್ದಿವೆ. ಪಕ್ಕದ ಹೊಲದ ತಾತ ಬೇಲಿ ಹತ್ತಿರ ಬಂದು ನಿಂತು, "ಏನಪ್ಪಾ, ಗಿಡಕ್ಕೆ ತೀರ್ಥ ಕೊಟ್ಟೆಯಂತೆ?" ಅಂದರು.

ತೀರ್ಥವೇ ಸರಿ. ಹದಿನೆಂಟು ಸಾವಿರ ಲೀಟರನ್ನು ಒಂದು ಎಕರೆಗೆ ಹರಡಿದರೆ ನಾಲ್ಕೂವರೆ ಮಿಲಿಮೀಟರ್ ನೀರು. ಏಪ್ರಿಲ್ ಬಿಸಿಲಲ್ಲಿ ತುಂಬಿದ ಟೊಮೇಟೊ ಗಿಡಕ್ಕೆ ಒಂದು ದಿನಕ್ಕೂ ಸಾಲಲ್ಲ. ಇದು ನನಗೆ ಆಮೇಲೆ ಗೊತ್ತಾಗಿದ್ದು. ಆ ವರ್ಷ ಒಂದು ದಿನ ನೀರು, ನಾಲ್ಕು ದಿನ ಉಪವಾಸ ಅಂತ ನಡೆಸಿದ್ದಕ್ಕೆ ಅರ್ಧ ಕಾಯಿಗಳ ತುದಿಯಲ್ಲಿ ಕಪ್ಪು ಚಕ್ಕೆ ಬಂತು. ಔಷಧಿ ಅಂಗಡಿಯವನು ರೋಗ ಅಂತ ಹೇಳಿ ಎರಡು ಸಲ ಸ್ಪ್ರೇ ಮಾಡಿಸಿದ. ರೋಗ ಅಲ್ಲ ಅದು. ನೀರು ಏರುಪೇರಾದರೆ ಕ್ಯಾಲ್ಸಿಯಂ ಕಾಯಿಯ ತುದಿವರೆಗೂ ತಲುಪಲ್ಲ, ತುದಿ ಕೊಳೆಯುತ್ತೆ. ಬಾಟಲಿಯಲ್ಲಿರೋ ಔಷಧಿಗೆ ವಾಸಿಯಾಗೋ ಕಾಯಿಲೆ ಅಲ್ಲ.

ಆಮೇಲೆ ನಾನು ಕಲಿತ ಲೆಕ್ಕವನ್ನು ಇಲ್ಲಿ ಬರೀತಿದ್ದೀನಿ. ಎಂಟನೇ ಕ್ಲಾಸಿನ ಗುಣಾಕಾರ ಬಂದರೆ ಸಾಕು.

ಮೊದಲು ಅಳತೆ ಒಂದಾಗಲಿ

ಮಳೆಯನ್ನು ಮಿಲಿಮೀಟರಿನಲ್ಲಿ ಹೇಳ್ತಾರೆ, ಬೋರನ್ನು ಇಂಚಿನಲ್ಲಿ, ಡ್ರಿಪ್ಪನ್ನು ಗಂಟೆಯಲ್ಲಿ, ಟ್ಯಾಂಕರನ್ನು ಲೀಟರಿನಲ್ಲಿ. ಒಂದಕ್ಕೊಂದು ತಾಳೆ ನೋಡೋಕೆ ಆಗದೆ ನಾವು ಕಣ್ಣಂದಾಜಿನ ಮೇಲೆ ಬೆಳೆ ಇಡ್ತೀವಿ.

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಒಂದು ಗುಂಟೆ ಅಂದರೆ 101 ಚದರ ಮೀಟರ್. ಹಾಗಾಗಿ ಗುಂಟೆಗೆ ಒಂದು ಮಿ.ಮೀ. ಅಂದರೆ ನೂರು ಲೀಟರ್, ಎಕರೆಗೆ ಒಂದು ಮಿ.ಮೀ. ಅಂದರೆ ನಾಲ್ಕು ಸಾವಿರ ಲೀಟರ್. ಬೆಂಗಳೂರಿನ ಗಲ್ಲಿಗಳಲ್ಲಿ ನುಗ್ಗೋ ನಾಲ್ಕು ಸಾವಿರದ ಚಿಕ್ಕ ಟ್ಯಾಂಕರ್ ಇದೆಯಲ್ಲ, ಅದೇ. ಹತ್ತು ಮಿ.ಮೀ. ಮಳೆ ಬಂತು ಅಂತ ಪೇಪರಿನಲ್ಲಿ ಓದಿದರೆ ನನ್ನ ಕಣ್ಣಿಗೆ ಎಕರೆಗೆ ಹತ್ತು ಚಿಕ್ಕ ಟ್ಯಾಂಕರ್ ಸಾಲಾಗಿ ಬಂದು ನಿಂತಂಗೆ ಕಾಣುತ್ತೆ. 2024ರ ಮಾರ್ಚಿನಲ್ಲಿ ನಗರಕ್ಕೆ ನೀರಿಲ್ಲದೆ ಒದ್ದಾಡಿದಾಗ ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗಿನ ಆರು ಸಾವಿರ ಲೀಟರ್ ಲೋಡಿಗೆ 600 ರೂಪಾಯಿ ಅಂತ ದರ ಕಟ್ಟಿತ್ತು. ಆ ದರದಲ್ಲಿ ಹತ್ತು ಮಿ.ಮೀ. ಮಳೆಯ ಬೆಲೆ ಎಕರೆಗೆ ನಾಲ್ಕು ಸಾವಿರ ರೂಪಾಯಿ. ಮೇಲಿನವನು ಬಿಲ್ ಕಳಿಸಲ್ಲ ಅಷ್ಟೆ.

ಗುಂಟೆಗೆ ನೂರು, ಎಕರೆಗೆ ನಾಲ್ಕು ಸಾವಿರ. ಇಷ್ಟು ಬಾಯಿಪಾಠ ಆದರೆ ಮುಂದಿನದು ಸಲೀಸು.

ಬೋರು ಕೊಡೋದು ಎಷ್ಟು

ಬೋರು ಕೊರೆಸಿದ ದಿನ "ಎರಡಿಂಚು ನೀರು ಬಿತ್ತು" ಅಂತ ಊರಿಗೆಲ್ಲ ಹೇಳಿರ್ತೀವಿ. ಆ ಇಂಚು ಏನು ಅಂತ ಕೇಳಿದರೆ ಅರ್ಧ ಜನ ಪೈಪಿನ ಇಂಚು ಅಂತಾರೆ. ಅಲ್ಲ. ತಗಡಿನಲ್ಲಿ V ಆಕಾರದ ಕಚ್ಚು ಮಾಡಿ ಅದರ ಮೂಲಕ ನೀರು ಹರಿಸಿದಾಗ ಕಚ್ಚಿನ ತಳದಿಂದ ನೀರು ಎಷ್ಟು ಎತ್ತರ ನಿಲ್ಲುತ್ತೆ ಅನ್ನೋ ಇಂಚು ಅದು. ಇಲ್ಲಿ ಒಂದು ಮೋಸ ಇದೆ. ಎರಡಿಂಚು ಅಂದರೆ ಒಂದಿಂಚಿನ ಎರಡರಷ್ಟಲ್ಲ, ಐದೂವರೆ ಪಟ್ಟಿಗೂ ಜಾಸ್ತಿ. ಒಂದಿಂಚಿಗೆ ಗಂಟೆಗೆ ಸುಮಾರು 500 ಲೀಟರ್, ಎರಡಿಂಚಿಗೆ ಸುಮಾರು 2,900 ಲೀಟರ್. ನೀರು "ಎರಡಿಂದ ಒಂದೂವರೆಗೆ ಇಳೀತು, ಪರವಾಗಿಲ್ಲ" ಅಂತ ಅಂದುಕೊಂಡರೆ ಅರ್ಧಕ್ಕಿಂತ ಜಾಸ್ತಿ ನೀರು ಹೋಗಿರುತ್ತೆ. ಒಂದೂವರೆ ಇಂಚು ಅಂದರೆ ಗಂಟೆಗೆ 1,400 ಲೀಟರ್ ಮಾತ್ರ.

ಅದಕ್ಕೆ ಇಂಚಿನ ಸಹವಾಸ ಬಿಟ್ಟು ಡ್ರಮ್ ಇಡಿ. ಇನ್ನೂರು ಲೀಟರಿನ ಡ್ರಮ್ಮು, ಮೊಬೈಲಿನ ಸ್ಟಾಪ್‌ವಾಚು. ಮೋಟರ್ ಹಾಕಿದ ತಕ್ಷಣ ಅಳೆಯಬೇಡಿ, ರಾತ್ರಿಯೆಲ್ಲ ಬೋರಿನೊಳಗೆ ಕೂಡಿದ ನೀರು ಮೊದಲು ಬಂದು ನಿಮ್ಮನ್ನು ಹಿಗ್ಗಿಸುತ್ತೆ. ಎರಡು ಗಂಟೆ ಓಡಿದ ಮೇಲೆ ಡ್ರಮ್ಮಿಗೆ ತಿರುಗಿಸಿ. ನಮ್ಮ ಬೋರು ಅಕ್ಟೋಬರಿನಲ್ಲಿ ಡ್ರಮ್ಮನ್ನು ಮೂರು ನಿಮಿಷಕ್ಕೆ ತುಂಬಿಸುತ್ತೆ, ಅಂದರೆ ಗಂಟೆಗೆ 4,000 ಲೀಟರ್. ಏಪ್ರಿಲಿನಲ್ಲಿ ಅದೇ ಡ್ರಮ್ಮಿಗೆ ಐದು ನಿಮಿಷ, ಗಂಟೆಗೆ 2,400.

ಬೇಸಿಗೆ ಬೆಳೆಗೆ ಏಪ್ರಿಲ್ ಲೆಕ್ಕವನ್ನೇ ಹಿಡಿಯಬೇಕು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಏಳು ಗಂಟೆ ಅಂತಾರೆ. ಟ್ರಿಪ್ ಆಗೋದು, ಫ್ಯೂಸ್ ಹೋಗೋದು ಕಳೆದು ನಾನು ಆರು ಗಂಟೆ ಇಟ್ಟುಕೊಳ್ತೀನಿ. 2,400 ಗುಣಿಸು ಆರು, ದಿನಕ್ಕೆ 14,400 ಲೀಟರ್. ಇದು ನನ್ನ ಸಂಬಳ. ಖರ್ಚು ಇದರೊಳಗೇ ಇರಬೇಕು.

ಬಿಸಿಲು ಎಳೆಯೋದು ಎಷ್ಟು

ಗಿಡ ಕುಡಿದ ನೀರಿನಲ್ಲಿ ಬಹುಪಾಲು ಎಲೆಯಿಂದ ಆವಿಯಾಗಿ ಗಾಳಿಗೇ ಹೋಗುತ್ತೆ. ಗಿಡದ ಬುಡದ ಮಣ್ಣಿಂದಲೂ ಒಂದಷ್ಟು ಹೋಗುತ್ತೆ. ಎರಡನ್ನೂ ಸೇರಿಸಿ ಅಳೆದರೆ ಗಿಡದ ಬೇಡಿಕೆ ಸಿಕ್ಕಂಗೆ. ಎಳೆಯೋದು ಬರೀ ಸೆಖೆ ಅಲ್ಲ. ಬಿಸಿಲು, ಗಾಳಿ, ಗಾಳಿಯಲ್ಲಿರೋ ತೇವ, ಉಷ್ಣ, ಈ ನಾಲ್ಕೂ ಸೇರಿ ಎಳೆಯುತ್ತವೆ. ಒಣಗಾಳಿ ಬೀಸೋ ಮಾರ್ಚ್ ತಿಂಗಳಲ್ಲಿ ಒಗೆದ ಬಟ್ಟೆ ಎಷ್ಟು ಬೇಗ ಒಣಗುತ್ತೆ ಅಂತ ಮನೆಯ ಹೆಂಗಸರನ್ನು ಕೇಳಿ, ಅದೇ ವಿಷಯ. ಬೆಂಗಳೂರಿನ ಸುತ್ತ ಏಪ್ರಿಲ್ ಹೊತ್ತಿಗೆ ಈ ಎಳೆತ ದಿನಕ್ಕೆ ಐದೂವರೆ ಮಿ.ಮೀ.ಯ ಆಸುಪಾಸು ಇರುತ್ತೆ, ಆಗಸ್ಟಿನ ಮೋಡದಲ್ಲಿ ನಾಲ್ಕರ ಹತ್ತಿರ.

ಇದನ್ನು ಅಳೆಯೋಕೆ ಹವಾಮಾನ ಕೇಂದ್ರಗಳಲ್ಲಿ ಒಂದು ದೊಡ್ಡ ದುಂಡು ತಟ್ಟೆ ಇಟ್ಟಿರ್ತಾರೆ, ಕ್ಲಾಸ್ ಎ ಪ್ಯಾನ್ ಅಂತ. ನಾಲ್ಕಡಿ ಅಗಲ, ಹತ್ತಿಂಚು ಆಳ, ಮರದ ಚೌಕಟ್ಟಿನ ಮೇಲೆ ಕೂತಿರುತ್ತೆ. ದಿನಕ್ಕೆ ಅದರಲ್ಲಿ ಎಷ್ಟು ಮಿ.ಮೀ. ನೀರು ಇಳೀತು ಅಂತ ನೋಡಿ 0.7ರಿಂದ ಗುಣಿಸಿದರೆ ಹೆಚ್ಚುಕಮ್ಮಿ ಹುಲ್ಲುಗಾವಲು ಕುಡಿಯೋ ನೀರು ಸಿಗುತ್ತೆ. ನಾನು ಬಿಸಿಲಿನ ಅಂಕಿ ಅನ್ನೋದು ಇದನ್ನೇ. ನಾನು ಇದನ್ನು ಮೊದಲು ನೋಡಿದ್ದು ಕೃಷಿಮೇಳಕ್ಕೆ ಅಂತ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಇರೋ ಜಿಕೆವಿಕೆಗೆ ಹೋದಾಗ. ಜನ ಎಲ್ಲ ಟ್ರ್ಯಾಕ್ಟರ್ ಮಳಿಗೆಗೆ ಮುತ್ತಿದ್ದರು, ನಾನು ಈ ತಟ್ಟೆಯ ಸುತ್ತ ತಿರುಗ್ತಾ ಇದ್ದೆ.

ಮನೆಗೆ ಬಂದವನೇ ನೀಲಿ ಪ್ಲಾಸ್ಟಿಕ್ ಡ್ರಮ್ಮಿನ ಬುಡ ಒಂದಡಿ ಎತ್ತರಕ್ಕೆ ಕೊಯ್ದು, ಎರಡು ಹಲಗೆ ಮೇಲಿಟ್ಟು, ಹೊಲದ ಮಧ್ಯೆ ನೆರಳು ಬೀಳದ ಕಡೆ ನೀರು ತುಂಬಿದೆ. ದಿನಾ ಬೆಳಿಗ್ಗೆ ಎಂಟಕ್ಕೆ ಮಗಳ ಸ್ಟೀಲ್ ಸ್ಕೇಲ್ ಹಿಡಿದು ಅಳೆಯೋದು. ಮೊದಲ ವಾರ ದಿನಕ್ಕೆ ಹನ್ನೊಂದು, ಹದಿಮೂರು, ಹದಿನಾಲ್ಕು ಮಿ.ಮೀ. ಬಂತು. ಬೆಂಗಳೂರು ರಾಜಸ್ತಾನ ಆಯ್ತಲ್ಲಪ್ಪ ಅಂತ ಗಾಬರಿಯಾದೆ. ಎಂಟನೇ ದಿನ ಸ್ವಲ್ಪ ಬೇಗ ಹೋದೆ. ತಾತನ ಮನೆ ಕರಿನಾಯಿ ಡ್ರಮ್ಮಿನೊಳಗೆ ಮುಂಗಾಲು ಇಟ್ಟುಕೊಂಡು ನಿಧಾನವಾಗಿ, ಬಲು ಸಮಾಧಾನವಾಗಿ ನೆಕ್ತಾ ಇತ್ತು. ಮೇಲೆ ಕೋಳಿ ಮೆಶ್ ಕಟ್ಟಿದ ಮೇಲೆ ಅಂಕಿ ಒಂಬತ್ತಕ್ಕೆ ಇಳೀತು. ಮೆಶ್ ಕಟ್ಟಿದರೆ ಆವಿ ಕೂಡ ಹತ್ತರಲ್ಲಿ ಒಂದು ಪಾಲು ಕಮ್ಮಿಯಾಗುತ್ತೆ, ಆದರೆ ನಾಯಿಗಿಂತ ವಾಸಿ.

ಚಿಕ್ಕ ಪಾತ್ರೆಯ ಗೋಡೆ ಬೇಗ ಕಾಯುತ್ತೆ, ದೊಡ್ಡ ಪ್ಯಾನಿಗಿಂತ ಜಾಸ್ತಿ ತೋರಿಸುತ್ತೆ. ಹಾಗಾಗಿ ಜಿಕೆವಿಕೆಯಲ್ಲಿ ಕೇಳಿ ಒಂದು ವಾರದ ಅಂಕಿ ಬರೆದುಕೊಂಡು ಬಂದು ಹೋಲಿಸಿದೆ. ಅಲ್ಲಿ ಎಂಟು ಇದ್ದ ದಿನ ನನ್ನದರಲ್ಲಿ ಒಂಬತ್ತು. ಅದಕ್ಕೆ ನಾನು 0.7ರ ಬದಲು 0.6ರಿಂದ ಗುಣಿಸ್ತೀನಿ. ನಿಮ್ಮ ಪಾತ್ರೆಗೆ ನಿಮ್ಮದೇ ಅಂಕಿ ಬರುತ್ತೆ. ಇಷ್ಟೆಲ್ಲ ರಗಳೆ ಬೇಡ ಅಂದರೆ ಏಪ್ರಿಲಿಗೆ ಐದೂವರೆ, ಮಳೆಗಾಲಕ್ಕೆ ನಾಲ್ಕು ಅಂತ ಇಟ್ಟುಕೊಳ್ಳಿ, ಹೊಲ ಮುಳುಗಿ ಹೋಗಲ್ಲ.

ಗಿಡದ ವಯಸ್ಸು

ಹೊಸ ಅಪಾರ್ಟ್‌ಮೆಂಟಿಗೆ ಮೊದಲ ತಿಂಗಳು ಎರಡು ಲೋಡ್ ಸಾಕಾಗ್ತಿತ್ತು. ಇರೋದೇ ಹತ್ತು ಮನೆ. ಎಲ್ಲ ಮನೆ ತುಂಬಿದ ಮೇಲೆ ದಿನಕ್ಕೆ ಹನ್ನೆರಡು ಲೋಡ್. ಹೊಲವೂ ಹಾಗೇ. ಎಳೆ ಗಿಡದ ಸುತ್ತ ಬರೀ ಮಣ್ಣು, ಆವಿಯಾಗೋಕೆ ಎಲೆ ಎಲ್ಲಿದೆ? ಸಾಲು ಮುಚ್ಚಿದ ಮೇಲೆ ನೀರಿನ ಖರ್ಚು ಏರುತ್ತೆ, ಕಾಯಿ ಮುಗಿದು ಎಲೆ ಹಣ್ಣಾದಾಗ ಇಳಿಯುತ್ತೆ.

ಇದಕ್ಕೂ ಅಂಕಿ ಇದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಹೊರತಂದ ಪಟ್ಟಿಯನ್ನು ಪ್ರಪಂಚದಲ್ಲೆಲ್ಲ ಬಳಸ್ತಾರೆ. ಟೊಮೇಟೊಗೆ ಶುರುವಿನಲ್ಲಿ 0.6, ತುಂಬಿದಾಗ 1.15, ಕೊನೆಗೆ 0.7ರಿಂದ 0.9. ಬೀನ್ಸಿಗೆ 0.5, 1.05, 0.9. ರಾಗಿಯಂಥ ಸಿರಿಧಾನ್ಯಕ್ಕೆ 0.3, 1.0, ಮತ್ತೆ 0.3. ಬಿಸಿಲಿನ ಅಂಕಿಯನ್ನು ಇದರಿಂದ ಗುಣಿಸಿದರೆ ಬೆಳೆಯ ಅವತ್ತಿನ ಕುಡಿತ. ಏಪ್ರಿಲ್, ತುಂಬಿದ ಟೊಮೇಟೊ: 5.5 ಗುಣಿಸು 1.15, ಅಂದರೆ 6.3 ಮಿ.ಮೀ. ಅದೇ ಏಪ್ರಿಲಿನಲ್ಲಿ ಈಗ ತಾನೇ ನಾಟಿ ಹಾಕಿದ ಟೊಮೇಟೊಗೆ 3.3 ಸಾಕು. ಡ್ರಿಪ್ ಇದ್ದರೆ ಅದಕ್ಕೂ ಕಮ್ಮಿ, ಒದ್ದೆಯಾಗೋದು ಗಿಡದ ಬುಡ ಮಾತ್ರ ತಾನೇ.

ಕೊಟ್ಟ ನೀರೆಲ್ಲ ಬೇರಿಗೆ ಹೋಗಲ್ಲ. ಡ್ರಿಪ್ಪಿನಲ್ಲಿ ನೂರಕ್ಕೆ ತೊಂಬತ್ತು ತಲುಪುತ್ತೆ ಅಂತ ಇಟ್ಟುಕೊಳ್ಳಿ, ಸಾಲಿನಲ್ಲಿ ಹಾಯಿಸಿದರೆ ಅರವತ್ತು. ಡ್ರಿಪ್ಪಿಗೆ 6.3 ಭಾಗಿಸು 0.9, ಏಳು ಮಿ.ಮೀ. ಗುಂಟೆಗೆ ದಿನಕ್ಕೆ ಏಳುನೂರು ಲೀಟರ್. ಎಕರೆಗೆ 28,000 ಲೀಟರ್, ಆರು ಸಾವಿರದ ಟ್ಯಾಂಕರಿನಲ್ಲಿ ಹತ್ತಿರ ಹತ್ತಿರ ಐದು ಲೋಡ್. ಪ್ರತಿ ದಿನ! ಮೂರು ಲೋಡ್ ಹೊಯ್ದು, ಅದೂ ಪೈಪಿನಲ್ಲಿ ಹಾಯಿಸಿ, ನಾನು ಬೀಗಿದ್ದೆ.

ಈಗ ನನ್ನ ಸಂಬಳಕ್ಕೆ ಬನ್ನಿ. 14,400 ಲೀಟರನ್ನು ಏಳುನೂರರಿಂದ ಭಾಗಿಸಿದರೆ ಇಪ್ಪತ್ತು ಗುಂಟೆ. ಅರ್ಧ ಎಕರೆ. ನನ್ನ ಬೋರಿಗೆ ಬೇಸಿಗೆಯಲ್ಲಿ ತಾಕತ್ತಿರೋದು ಅಷ್ಟಕ್ಕೇ, ನಾನು ಹಾಕಿದ್ದು ನಲವತ್ತು. ಸಾಲಿನಲ್ಲಿ ಹಾಯಿಸಿದ್ದರೆ ಹದಿನಾಲ್ಕು ಗುಂಟೆ ಕೂಡ ಕಷ್ಟ.

ಇದೇ ಲೆಕ್ಕವನ್ನು ಆಗಸ್ಟಿನಲ್ಲಿ ನಾಟಿ ಹಾಕೋ ಬೆಳೆಗೆ ಮಾಡಿ ನೋಡಿ. ಗಿಡ ತುಂಬೋದು ಅಕ್ಟೋಬರಿಗೆ. ಬಿಸಿಲು ನಾಲ್ಕು, ಗಿಡದ ಅಂಕಿ 1.15, ಡ್ರಿಪ್ಪಿನ ನಷ್ಟ ಸೇರಿ ಐದು ಮಿ.ಮೀ. ಚಿಲ್ಲರೆ. ಬೋರು ಆಗ ಗಂಟೆಗೆ ನಾಲ್ಕು ಸಾವಿರ, ದಿನಕ್ಕೆ 24,000. ಎಕರೆ ದಾಟಿ ನಲವತ್ತಾರು ಗುಂಟೆಗೆ ಸಾಕು. ಅದೇ ಬೋರು, ಅದೇ ಹೊಲ. ಮೇಲಿಂದ ಮಳೆ ಬಂದರೆ ಅದು ಬೋನಸ್ಸು. ಮಳೆಗಾಲದ ಟೊಮೇಟೊಗೆ ಅಂಗಮಾರಿ, ಎಲೆ ಮುದುಡು ಕಾಟ ಇರುತ್ತೆ, ನಿಜ. ನಮ್ಮ ಹೋಬಳಿಯಲ್ಲೇ ಇರೋ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ರಕ್ಷಕ್ ತಳಿ ಹಾಕಿದ ಮೇಲೆ ನನಗೆ ಆ ತಲೆನೋವು ಕಮ್ಮಿಯಾಗಿದೆ. ಬೇಸಿಗೆಗೆ ರೇಟ್ ಚೆನ್ನಾಗಿ ಸಿಗುತ್ತೆ ಅನ್ನೋ ಆಸೆಗೆ ಜನವರಿ ಕೊನೆಯಲ್ಲಿ ನಾಟಿ ಹಾಕ್ತೀವಿ. ಬಿಸಿಲು ಅತಿ ಜಾಸ್ತಿ, ಬೋರು ಅತಿ ಕಮ್ಮಿ, ಗಿಡಕ್ಕೆ ಅತಿ ಬಾಯಾರಿಕೆ, ಮೂರೂ ಒಂದೇ ತಿಂಗಳು ಬಂದು ಕೂರುತ್ತವೆ.

ವಾಲ್ವ್ ಎಷ್ಟು ಹೊತ್ತು ಬಿಡೋದು

ನನ್ನ ಸಾಲಿಂದ ಸಾಲಿಗೆ ನಾಲ್ಕಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ಒಂದು ಗಿಡದ ಪಾಲಿಗೆ ಆರು ಚದರ ಅಡಿ, ಅಂದರೆ 0.56 ಚದರ ಮೀಟರ್. ಏಳು ಮಿ.ಮೀ. ಅಂದರೆ ಗಿಡಕ್ಕೆ ನಾಲ್ಕು ಲೀಟರಿಗೆ ಒಂದು ಲೋಟ ಕಮ್ಮಿ. ಗಿಡಕ್ಕೊಂದು ಡ್ರಿಪ್ಪರ್, ಗಂಟೆಗೆ ಎರಡು ಲೀಟರಿನದು. ಎರಡು ಗಂಟೆ ಬಿಟ್ಟರೆ ಸರಿಹೋಯ್ತು.

ಆದರೆ ಇಪ್ಪತ್ತು ಗುಂಟೆಗೆ 3,600 ಗಿಡ. ಎಲ್ಲ ಒಟ್ಟಿಗೆ ಬಿಟ್ಟರೆ ಗಂಟೆಗೆ 7,200 ಲೀಟರ್ ಬೇಕು, ಬೋರು ಕೊಡೋದು 2,400. ಒತ್ತಡ ಸಾಲದೆ ಮೊದಲ ಸಾಲಿನವು ಕುಡಿದು ಕೊನೆ ಸಾಲಿನವು ಬಾಯಿ ಬಿಡುತ್ತವೆ. ಅದಕ್ಕೆ ಏಳೇಳು ಗುಂಟೆಯ ಹತ್ತಿರ ಮೂರು ಭಾಗ ಮಾಡಿ ಮೂರು ಗೇಟ್ ವಾಲ್ವ್ ಇಟ್ಟಿದ್ದೀನಿ. ಒಂದೊಂದಕ್ಕೆ ಎರಡು ಗಂಟೆ, ಒಟ್ಟು ಆರು. ಕರೆಂಟಿನ ಲೆಕ್ಕಕ್ಕೆ ಸರಿಯಾಗಿ ಕೂತಿದೆ.

ಡ್ರಿಪ್ಪರಿನ ಮೇಲೆ ಎರಡು ಲೀಟರ್ ಅಂತ ಬರೆದಿದ್ದರೆ ನಂಬಬೇಡಿ. ನಮ್ಮ ಬೋರಿನ ನೀರು ಗಡಸು, ಬಿಳಿ ಉಪ್ಪು ಕಟ್ಟುತ್ತೆ. ಅರ್ಧ ಗಂಟೆ ಹೊತ್ತು ಸಾಲಿನ ಮೊದಲ, ನಡು, ಕೊನೆಯ ಡ್ರಿಪ್ಪರಿನ ಕೆಳಗೆ ಮಣ್ಣು ತೋಡಿ ಡಬ್ಬಿ ಇಟ್ಟು ನೋಡಿ. ಒಂದು ಲೀಟರ್ ಬರಬೇಕು. ಹೋದ ವರ್ಷ ನನ್ನ ಕೊನೆಯ ಸಾಲಿನಲ್ಲಿ ಬಂದಿದ್ದು 600 ಎಂ.ಎಲ್. ಫಿಲ್ಟರ್ ಬಿಚ್ಚಿದರೆ ಒಳಗೆ ಪಾಯಸದಂಥ ಕೆಂಪು ಕೆಸರು. ಈಗ ಫಿಲ್ಟರನ್ನು ವಾರಕ್ಕೆರಡು ಸಲ ತೊಳೀತೀನಿ, ಲ್ಯಾಟರಲ್, ಅಂದರೆ ಸಾಲಿನುದ್ದ ಹೋಗೋ ಡ್ರಿಪ್ ಪೈಪಿನ ಕೊನೆ ಬಿಚ್ಚಿ ಹದಿನೈದು ದಿನಕ್ಕೊಮ್ಮೆ ಹರಿಯೋಕೆ ಬಿಡ್ತೀನಿ.

ಮಲ್ಚಿಂಗ್ ಪೇಪರ್, ಅಂದರೆ ಮಣ್ಣಿಗೆ ಹೊದಿಸೋ ಪ್ಲಾಸ್ಟಿಕ್ ಹಾಳೆ ಹಾಕಿದರೆ ಗಿಡದ ಅಂಕಿ ನೂರಕ್ಕೆ ಹತ್ತರಿಂದ ಮೂವತ್ತು ಇಳಿಯುತ್ತೆ. ಒಣ ಸೊಪ್ಪು ಹೊದಿಸಿದರೂ ಮಣ್ಣಿಂದ ಆವಿ ಹೋಗೋದು ತಗ್ಗುತ್ತೆ. ರಾಗಿ ಹುಲ್ಲು ಹಾಸೋಣ ಅಂದರೆ ನಮ್ಮ ಹಸು ಒಪ್ಪಲ್ಲ. ತೆಂಗಿನ ಗರಿ, ಹೊಂಗೆ ಸೊಪ್ಪು ನನಗೆ ಸಾಕು.

ಮಣ್ಣೂ ಒಂದು ಸಂಪು

ಸಂಪ್ ಪೂರ್ತಿ ಖಾಲಿಯಾಗಿ ಮೋಟರ್ ಗಾಳಿ ಎಳೆಯೋವರೆಗೂ ಫೋನ್ ಮಾಡದ ಅಪಾರ್ಟ್‌ಮೆಂಟಿನವರು ಇದ್ದರು. ಅಷ್ಟು ಹೊತ್ತಿಗೆ ಮೇಲಿನ ಮನೆಯವರ ಕೊಳಾಯಿ ಬತ್ತಿ ಗಲಾಟೆ ಶುರುವಾಗಿರ್ತಿತ್ತು. ಗಿಡವೂ ಮಣ್ಣು ಪೂರ್ತಿ ಒಣಗೋವರೆಗೆ ಕಾಯಲ್ಲ, ಮೊದಲೇ ಹೂವು ಉದುರಿಸುತ್ತೆ.

ನಮ್ಮ ಮರಳು ಮಿಶ್ರಿತ ಕೆಂಪು ಮಣ್ಣು ಒಂದಡಿ ಆಳದಲ್ಲಿ ಗಿಡಕ್ಕೆ ಸಿಗೋ ಹಾಗೆ ಮೂವತ್ತು ಮೂವತ್ತೈದು ಮಿ.ಮೀ. ನೀರು ಹಿಡಿಯುತ್ತೆ. ಎರೆಭೂಮಿಯವರ ಸಂಪು ನಮ್ಮದಕ್ಕಿಂತ ಬಹಳ ದೊಡ್ಡದು. ಟೊಮೇಟೊ ಬೇರು ಒಂದೂವರೆ ಅಡಿ ಇಳಿದಿದ್ದರೆ ಐವತ್ತು ಮಿ.ಮೀ. ಅದರಲ್ಲಿ ನೂರಕ್ಕೆ ನಲವತ್ತು ಖರ್ಚಾಗೋವರೆಗೆ ಗಿಡ ಸುಮ್ಮನಿರುತ್ತೆ. ಇಪ್ಪತ್ತು ಮಿ.ಮೀ., ಏಪ್ರಿಲಿನಲ್ಲಿ ಮೂರು ದಿನ. ಮೋಟರ್ ಸುಟ್ಟು ಹೋದರೆ ರಿವೈಂಡಿಂಗ್‌ನವನಿಗೆ ನಾನು ಕೊಡೋ ಗಡುವು ಅದೇ ಮೂರು ದಿನ. ಡ್ರಿಪ್ಪಿನಲ್ಲಿ ಒದ್ದೆಯಾಗೋದು ಹೊಲದ ಒಂದು ಪಾಲು ಮಾತ್ರ, ಹಾಗಾಗಿ ಎರಡು ದಿನದಲ್ಲಿ ಬಂದರೆ ಇನ್ನೂ ಒಳ್ಳೆಯದು.

ಅಂಕಿ ಏನೇ ಹೇಳಲಿ, ವಾರಕ್ಕೊಮ್ಮೆ ಚನಿಕೆ ತಗೊಂಡು ಬೇರಿನ ಪಕ್ಕ ಒಂದಡಿ ಅಗೆದು ಮಣ್ಣು ಹಿಡಿದು ನೋಡಿ. ಮುದ್ದೆ ಕಟ್ಟೋ ಹಂಗೆ ಅಂಗೈಯಲ್ಲಿ ಅದುಮಿ. ಉಂಡೆ ನಿಂತು, ಹೆಬ್ಬೆರಳಲ್ಲಿ ಒತ್ತಿದರೆ ಒಡೆದು, ಅಂಗೈಯಲ್ಲಿ ತಣ್ಣನೆ ತೇವ ಉಳಿದರೆ ಹದ ಸರಿಯಾಗಿದೆ. ಉಂಡೆಯೇ ಕಟ್ಟದೆ ಬೆರಳ ಸಂದಿಯಲ್ಲಿ ಸುರಿದರೆ ನೀವು ತಡ ಮಾಡಿದ್ದೀರಿ. ಕೈಗೆ ಕೆಸರು ಮೆತ್ತಿದರೆ ನೀರೂ ಗೊಬ್ಬರವೂ ಬೇರು ದಾಟಿ ಕೆಳಗೆ ಹೋಗ್ತಿದೆ, ವಾಲ್ವ್ ಅರ್ಧ ಗಂಟೆ ಕಮ್ಮಿ ಮಾಡಿ. ನನ್ನ ಲೆಕ್ಕ ಮತ್ತು ಅಂಗೈ ಜಗಳ ಆಡಿದಾಗ ನಾನು ಅಂಗೈ ಪರ.

ನೀರಿಲ್ಲದ ಎರಡೂವರೆ ಎಕರೆ

ಟೊಮೇಟೊ ಅರ್ಧ ಎಕರೆಗೆ ಇಳಿಸಿದ ಮೇಲೆ ಉಳಿದದ್ದರಲ್ಲಿ ಅರ್ಧ ಎಕರೆ ಕೃಷಿ ಹೊಂಡ, ಬದು, ಹಸುವಿನ ಮೇವಿಗೆ ಹೋಯಿತು. ಎರಡು ಎಕರೆಗೆ ರಾಗಿ, ನಡುವೆ ಅವರೆ ಅಕ್ಕಡಿ ಸಾಲು. ಪೂರ್ತಿ ಮಳೆ ಬೆಳೆ. ಇಲ್ಲೂ ಲೆಕ್ಕ ಬೇಕು.

ರಾಗಿಗೆ ಒಟ್ಟು ಬೇಕಾಗೋದು ಹೆಚ್ಚುಕಮ್ಮಿ 350 ಮಿ.ಮೀ. ಬೆಂಗಳೂರಿನ ಮಳೆಗಾಲ ಅದಕ್ಕಿಂತ ಜಾಸ್ತಿ ಕೊಡುತ್ತೆ, ಸೆಪ್ಟೆಂಬರ್ ತಿಂಗಳೊಂದೇ ಇನ್ನೂರರ ಹತ್ತಿರ. ಹಾಗಾದರೆ ರಾಗಿ ಯಾಕೆ ಒಣಗುತ್ತೆ? ಮಳೆ ಮಧ್ಯೆ ಬಿಡುವು ಕೊಡುತ್ತಲ್ಲ, ಅದಕ್ಕೆ. ಮೂರು ವಾರ ಮೋಡ ತಿರುಗಿ ನೋಡಲ್ಲ, ಆಮೇಲೆ ಒಂದೇ ರಾತ್ರಿ ಎಂಬತ್ತು ಮಿ.ಮೀ. ಸುರಿದು ಹೋಗುತ್ತೆ. ಸಂಪ್ ತುಂಬಿದ ಮೇಲೆ ಹೊಯ್ದ ನೀರು ರಸ್ತೆಗೆ ಹರಿಯೋ ಹಾಗೆ ಆ ಎಂಬತ್ತರಲ್ಲಿ ಹೊಲಕ್ಕೆ ದಕ್ಕೋದು ಅರ್ಧವೋ ಮುಕ್ಕಾಲೋ. ಹಾಗಾಗಿ ಬಿದ್ದ ಮಳೆಯನ್ನೆಲ್ಲ ಜಮಾ ಮಾಡಬೇಡಿ. ಐದು ಮಿ.ಮೀ.ಗಿಂತ ಕಮ್ಮಿ ಬಂದರೆ ನಾನು ಸೊನ್ನೆ ಅಂತ ಬರೀತೀನಿ, ಮಧ್ಯಾಹ್ನದೊಳಗೆ ಆವಿಯಾಗಿ ಹೋಗುತ್ತೆ. ಐವತ್ತು ದಾಟಿದರೆ ಐವತ್ತೇ.

ಮಳೆ ಅಳೆಯೋಕೆ ನೆಟ್ಟಗಿನ ಗೋಡೆಯ ಯಾವ ಸ್ಟೀಲ್ ಡಬ್ಬಿಯಾದರೂ ಆಗುತ್ತೆ. ಬಿಂದಿಗೆ, ಬಕೆಟ್ ಬೇಡ, ಬಾಯಿ ತಳ ಬೇರೆ ಬೇರೆ ಅಗಲ ಇದ್ದರೆ ಅಳತೆ ಸುಳ್ಳಾಗುತ್ತೆ. ಯಲಹಂಕದಲ್ಲಿರೋ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ, ಅವರ ವರುಣಮಿತ್ರಕ್ಕೆ ಫೋನ್ ಮಾಡಿದರೆ ಮುಂದಿನ ಮಳೆಯ ಸೂಚನೆ ಹೇಳ್ತಾರೆ. ನಾಳೆ ಮಳೆ ಅಂತ ಗೊತ್ತಿದ್ದರೆ ಇವತ್ತಿನ ವಾಲ್ವ್ ತಡೀಬಹುದು. ನಮ್ಮ ತಾತ ಮಾತ್ರ ಹುಬ್ಬೆ, ಉತ್ತರೆ, ಹಸ್ತ ಅಂತ ನಕ್ಷತ್ರ ಎಣಿಸ್ತಾರೆ. ಎರಡನ್ನೂ ಕೇಳಿಸಿಕೊಳ್ತೀನಿ.

ರಾಗಿ ಎಳೆ ಪೈರಾಗಿದ್ದಾಗ ಎರಡು ವಾರ ಬಾಡಿದರೂ ಮತ್ತೆ ತಲೆ ಎತ್ತುತ್ತೆ. ತೆನೆ ಹೊಡೆಯೋ ಹೊತ್ತಿಗೆ ನೀರು ತಪ್ಪಿದರೆ ಕ್ಷಮಿಸಲ್ಲ, ಕಾಳು ಜೊಳ್ಳು. ಹೊಂಡದ ನೀರನ್ನು ನಾನು ಆ ಒಂದು ಸಲಕ್ಕೆ ಅಂತ ಬಿಗಿಹಿಡೀತೀನಿ. ನಮ್ಮದು ಮೇಲೆ ಹನ್ನೆರಡು ಮೀಟರ್ ಚೌಕ, ಇಳಿಜಾರಾಗಿ ಇಳಿದು ತಳದಲ್ಲಿ ಆರು ಮೀಟರ್ ಚೌಕ, ಮೂರು ಮೀಟರ್ ಆಳ. ತುಂಬಿದರೆ ಎರಡೂವರೆ ಲಕ್ಷ ಲೀಟರ್. ಎರಡು ಎಕರೆಗೆ ಹರಡಿದರೆ ಮೂವತ್ತು ಮಿ.ಮೀ. ಬರುತ್ತೆ, ಸ್ಪ್ರಿಂಕ್ಲರಿನಲ್ಲಿ ಕೊಟ್ಟರೆ ರಾಗಿ ಒಂದು ವಾರ ಆರಾಮಾಗಿ ದೂಡುತ್ತೆ. ಆ ವಾರದೊಳಗೆ ಒಂದು ಮಳೆ ಬಂದರೆ ಗೆದ್ದಂಗೆ. ಕೆಂಪು ಮಣ್ಣಿನ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸದೆ ಇದ್ದರೆ ನೀರು ಇಂಗಿ ಹೋಗುತ್ತೆ. ಹಾಸಿದರೂ ಬಿಸಿಲು ದಿನಕ್ಕೆ ಆರೇಳು ನೂರು ಲೀಟರ್ ತನ್ನ ಪಾಲು ತಗೊಳ್ಳುತ್ತೆ. ಮಿಕ್ಕ ದಿನಗಳಲ್ಲಿ ಇಳಿಜಾರಿಗೆ ಅಡ್ಡಲಾಗಿ ಉಳುಮೆ, ಮಳೆ ನಿಂತ ಮೇಲೆ ಎಡೆಕುಂಟೆ. ಮೇಲ್ಮಣ್ಣು ಪುಡಿಯಾಗಿ ಬಿರುಕು ಮುಚ್ಚಿದರೆ ಒಳಗಿನ ತೇವ ಒಳಗೇ ಇರುತ್ತೆ.

ಸ್ಟಾರ್ಟರ್ ಬಾಕ್ಸಿನ ಬಾಗಿಲ ಒಳಗೆ ಒಂದು ಕಾಗದ ಅಂಟಿಸಿದ್ದೀನಿ. ತಾರೀಖು, ಡ್ರಮ್ಮಿನ ನಿಮಿಷ, ನೀಲಿ ತೊಟ್ಟಿಯ ಮಿ.ಮೀ., ಮಳೆ, ವಾಲ್ವಿನ ಹೊತ್ತು. ಪೆನ್ಸಿಲಿನಲ್ಲೇ ಬರೆಯೋದು, ಪೆನ್ನಿನ ಶಾಯಿ ಆ ಸೆಖೆಗೆ ಕರಗಿ ಹರಡುತ್ತೆ.

ಈ ವರ್ಷ ಮಾರ್ಚ್ ಮೊದಲ ವಾರ ಡ್ರಮ್ ಇಟ್ಟೆ. ಐದು ನಿಮಿಷ ನಲವತ್ತು ಸೆಕೆಂಡ್. ಇನ್ನೊಮ್ಮೆ ಇಟ್ಟೆ, ಅಷ್ಟೇ. ಗಂಟೆಗೆ 2,100, ದಿನಕ್ಕೆ ಹನ್ನೆರಡೂವರೆ ಸಾವಿರ, ಹದಿನೆಂಟು ಗುಂಟೆ. ಗಿಡ ಇನ್ನೂ ಮೊಣಕಾಲೆತ್ತರ. ತಾತನೂ ಬೇಲಿ ಹತ್ತಿರ ನಿಂತು ನೋಡ್ತಾ ಇದ್ದರು. ಕೊನೆಯ ಎರಡು ಗುಂಟೆಯ ಗಿಡ ಕಿತ್ತು ಹಸುವಿಗೂ ಹಾಕೋಕೆ ಆಗಲ್ಲ, ತಿಪ್ಪೆಗೆ ಹಾಕಿ, ಲ್ಯಾಟರಲ್ ಸುತ್ತಿ ಶೆಡ್ಡಿಗೆ ಎಸೆದೆ. "ಟ್ಯಾಂಕರ್ ತರಲ್ವೇನಪ್ಪ?" ಅಂದರು. ಟ್ಯಾಂಕರ್ ಮಾರಿ ಆಗಲೇ ಎರಡು ವರ್ಷ ಆಗಿದೆ, ಅವರಿಗೂ ಗೊತ್ತು.